ಬಾಗಿಲಿಗೆ ಬರುವ ಬ್ರೆಡ್ಡು

ಆಲ್ಡನ್‌ಪೋರ್ಟ್, ಮ್ಯಾಸಚೂಸೆಟ್ಸ್
6 ಮಾರ್ಚ್ 1961

ಪ್ರೀತಿಯ ಅಣ್ಣನಿಗೆ,

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ತಂಗಿ ಸೋಮಾರಿಯಾದಳು ಎಂದುಕೊಳ್ಳಬೇಡ. ಕೈಗೆ ಬಿಡುವಿರಲಿಲ್ಲ, ಅಷ್ಟೆ.

ಇಲ್ಲಿ ಎಲ್ಲವೂ ನೀನು ಬಿಟ್ಟುಹೋದ ಹಾಗೆಯೇ ಇದೆ. ಅಪ್ಪ ಕಟ್ಟಿದ ಬೇಕರಿಯ ಒಲೆ ಒಂದು ದಿನವೂ ತಣ್ಣಗಾಗಿಲ್ಲ. ಒಲೆಯ ಮುಂದೆ ಈಗಲೂ ಮುದುಕ ಲಿಬೊರಿಯೊನೇ. ಬೆನ್ನು ಬಾಗಿದೆ, ಬಾಯಿ ಮಾತ್ರ ಇನ್ನಷ್ಟು ಜೋರಾಗಿದೆ. ನೀನು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಮನೆಮನೆಗೆ ಬ್ರೆಡ್ಡು ಹಾಕುವ ವ್ಯಾನಿನ ಕೆಲಸ ನನ್ನ ಗಂಡನ ಪಾಲಿಗೆ ಬಂತೆಂದು ಹಿಂದೆಯೇ ಬರೆದಿದ್ದೆ. ನೊರ್ಬೆರ್ಟೊ ಚೆನ್ನಾಗಿದ್ದಾನೆ. ಈ ಚಳಿಗಾಲ ಸ್ವಲ್ಪ ಕೆಮ್ಮು ಕಾಡಿತು. ಈಗ ಪರವಾಗಿಲ್ಲ.

ಗಿರಣಿ ಗುಡ್ಡದ ಬೀದಿಗಳೂ ಹಾಗೆಯೇ ಇವೆ. ಮೂರು ಮಹಡಿಯ ಮರದ ಮನೆಗಳು, ಪ್ರತಿ ಮಹಡಿಗೂ ಒಂದು ಬಾಗಿಲು, ಪ್ರತಿ ಬಾಗಿಲ ಹಿಡಿಗೂ ಬ್ರೆಡ್ಡಿಗೆಂದು ಕಟ್ಟಿದ ಒಂದು ಬಟ್ಟೆಚೀಲ. ಚೀಲ ನೋಡಿದರೆ ಸಾಕು, ಮನೆಯ ಸುದ್ದಿ ತಿಳಿಯುತ್ತದೆ. ಫುರ್ಟಾಡೊ ಮನೆಯ ಚೀಲ ದೊಡ್ಡದಾಗಿದೆ, ಸೊಸೆಗೆ ಅವಳಿ ಮಕ್ಕಳು. ಅವರ ಮೇಲಿನ ಮಹಡಿಯ ಜಗಳಗಂಟ ಗಂಡಹೆಂಡಿರು ಒಂದೇ ಬಾಗಿಲಿಗೆ ಎರಡು ಚೀಲ ಕಟ್ಟಿದ್ದಾರೆ. ಅವನ ಬನ್ನು ಅವನಿಗೆ, ಅವಳ ಬನ್ನು ಅವಳಿಗೆ. ಎರ್ಮೀನಿಯಾ ಅಜ್ಜಿ ಈಗಲೂ ಮೂರನೇ ಮಹಡಿಯಿಂದ ಕೆಳಗಿಳಿಯುವುದಿಲ್ಲ. ಬಾಗಿಲ ಸಂದಿಯಿಂದಲೇ ಊರನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ. ಮೊನ್ನೆ ನನ್ನನ್ನು ಕಂಡವಳೇ, "ನಿನ್ನಣ್ಣ ದನದ ಹಿಂದೆ ಹೋದನಲ್ಲೇ, ಒಂದು ಮುದ್ದೆ ಬೆಣ್ಣೆನಾದ್ರೂ ಕಳಿಸಿದ್ನಾ?" ಎಂದಳು.

ನಿನ್ನ ಆರೋಗ್ಯ ಹೇಗಿದೆ? ಬರೆ.

ನಿನ್ನ ತಂಗಿ
ಜುಲ್ಮೀರಾ


ಟುಲೇರಿ, ಕ್ಯಾಲಿಫೋರ್ನಿಯಾ
26 ಮಾರ್ಚ್ 1961

ಪ್ರೀತಿಯ ಜುಲ್ಮೀರಾಳಿಗೆ,

ಅಜ್ಜಿಗೆ ಹೇಳು, ಬೆಣ್ಣೆ ರೈಲಿನಲ್ಲಿ ಬರುವಷ್ಟರಲ್ಲಿ ಎಣ್ಣೆಯಾಗುತ್ತದೆ, ಅದಕ್ಕೇ ಕಳಿಸಿಲ್ಲ ಅಂತ.

ನಾನು ಆರಾಮಾಗಿದ್ದೇನೆ. ಇಲ್ಲಿ ಈಗಾಗಲೇ ಬಿಸಿಲು. ಅಪ್ಪ ಹಡಗು ಹತ್ತಿ ಬಂದ ನಮ್ಮ ದ್ವೀಪದವರೇ ಸುತ್ತಮುತ್ತ ಬೇಕಾದಷ್ಟು ಜನ ಹಾಲಿನ ದನ ಸಾಕಿದ್ದಾರೆ. ಮಾಲೀಕ ಅವಿಲಾ ನನ್ನ ಮೇಲೆ ವಿಶ್ವಾಸ ಇಟ್ಟಿದ್ದಾನೆ. ಇಷ್ಟರಲ್ಲೇ ಕೊಟ್ಟಿಗೆಯ ಮೇಲ್ವಿಚಾರಣೆ ನನಗೇ ಕೊಡಬಹುದು.

ನಿನ್ನ ಪತ್ರ ಓದಿದಾಗ ಅಪ್ಪನ ಗಾಡಿಯ ಕಾಲ ನೆನಪಾಯಿತು. ನೀನಿನ್ನೂ ಚಿಕ್ಕವಳು. ನಮ್ಮ ಕುದುರೆ ಮಾರ್ಕೆಜಾ ನೆನಪಿದೆಯೇ? ಅಪ್ಪ ಒಂದು ಕಡೆಯ ಮೆಟ್ಟಿಲು ಹತ್ತುತ್ತಿದ್ದ, ನಾನು ಇನ್ನೊಂದು ಕಡೆ. ನಾವು ಕೆಳಗಿಳಿಯುವಷ್ಟರಲ್ಲಿ ಅದು ತಾನೇ ಮುಂದಿನ ಮನೆಯೆದುರು ಹೋಗಿ ನಿಂತಿರುತ್ತಿತ್ತು. ಒಂದು ಸಲ ಬೊಟೇಲ್ಯೊ ಮನೆಯಾಕೆ ನಮ್ಮನ್ನು ಬಿಟ್ಟು ಬೇರೆ ಬೇಕರಿಯವರಿಂದ ಬ್ರೆಡ್ಡು ತರಿಸತೊಡಗಿದಳು. ಕುದುರೆಗೆ ಅದೆಲ್ಲ ಹೇಗೆ ತಿಳಿಯಬೇಕು? ದಿನವೂ ಅವಳ ಮನೆಯ ಮುಂದೆ ನಿಂತುಬಿಡುತ್ತಿತ್ತು. ಅಪ್ಪ ಲಗಾಮು ಎಳೆದರೂ ಕದಲುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಕಿಟಕಿಯಿಂದ ನೋಡಿ ನಗುತ್ತಿದ್ದರು. ಕೊನೆಗೊಂದು ಬೆಳಗ್ಗೆ ಆಕೆ ಬಾಗಿಲು ತೆರೆದು, "ಮಾರಾಯ, ನಾಳೆಯಿಂದ ನೀನೇ ಹಾಕು. ನಿನ್ನ ಕುದುರೆ ನನ್ನ ಮಾನ ಕಳೀತಿದೆ," ಎಂದಳು.

ಆ ಕಾಲ ಮುಗಿಯಿತು ಜುಲ್ಮೀರಾ. ಅಪ್ಪ ಹೋದ ಮೇಲೆ ಆ ಮೆಟ್ಟಿಲುಗಳನ್ನು ಹತ್ತಲು ನನಗೆ ಮನಸ್ಸೇ ಬರಲಿಲ್ಲ. ಈಗ ಎಲ್ಲರೂ ಅಂಗಡಿಯಿಂದ ಕತ್ತರಿಸಿದ ಬ್ರೆಡ್ಡು ತಂದುಕೊಳ್ಳುತ್ತಾರೆ. ಆ ದೊಡ್ಡ ಬ್ರೆಡ್ಡು ಕಾರ್ಖಾನೆಯವರು ಬೇಕರಿ ಕೊಳ್ಳಲು ಕೇಳುತ್ತಿದ್ದಾರೆಂದು ಹಿಂದೆ ನೀನೇ ಬರೆದಿದ್ದೆ. ಕೊಟ್ಟುಬಿಡು. ಗಂಡಹೆಂಡಿರು ಸುಖವಾಗಿ ಬಿಸಿಲಿಗೆ ಬನ್ನಿ.

ಬೆಲಾರ್ಮಿನೊ


ಆಲ್ಡನ್‌ಪೋರ್ಟ್
22 ಏಪ್ರಿಲ್ 1961

ಅಣ್ಣ,

ಮಾರ್ಕೆಜಾಳ ಕಥೆ ಓದಿ ನೊರ್ಬೆರ್ಟೊ ಮತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದರ ಕೆಳಗಿನದನ್ನು ನಾನು ಅವನಿಗೆ ಓದಿ ಹೇಳಲಿಲ್ಲ.

ಬೇಕರಿ ಕೊಡುವ ಮಾತು ಬಿಡು. ಕೊಡದಿದ್ದರೂ ಮುಚ್ಚಿಸುವ ದಾರಿಯನ್ನು ಕಾರ್ಖಾನೆಯವರು ಹುಡುಕಿದ್ದಾರೆ. ಊರಿನ ಆರೋಗ್ಯ ಮಂಡಳಿಯಿಂದ ನೋಟಿಸು ಬಂದಿದೆ. ಇನ್ನು ಮುಂದೆ ತೆರೆದ ಬ್ರೆಡ್ಡನ್ನು ಯಾರ ಬಾಗಿಲಿಗೂ ತೂಗುಹಾಕುವಂತಿಲ್ಲ. ಯಂತ್ರದಲ್ಲಿ ಮೇಣದ ಕಾಗದ ಸುತ್ತಿ ಅಂಟಿಸಿದ್ದನ್ನು ಮಾತ್ರ ಮಾರಬೇಕು. ಅಂಥ ಯಂತ್ರ ಈ ಸೀಮೆಯಲ್ಲಿ ಇರುವುದು ಆ ಕಾರ್ಖಾನೆಯೊಂದರಲ್ಲೇ. ಮೇಣದ ಕಾಗದದೊಳಗೆ ನಮ್ಮ ಬ್ರೆಡ್ಡಿನ ಗರಿಗರಿ ಸಿಪ್ಪೆ ಒಂದು ಗಂಟೆಯಲ್ಲಿ ಒದ್ದೆ ಚರ್ಮದ ಹಾಗಾಗುತ್ತದೆ. ಲಿಬೊರಿಯೊ ನೋಟಿಸನ್ನು ಒಲೆಗೆ ಹಾಕಲು ಹೊರಟಿದ್ದ, ಕಿತ್ತುಕೊಂಡೆ.

ಈಸ್ಟರಿನ ಸಿಹಿ ಬ್ರೆಡ್ಡನ್ನು ಈ ವರ್ಷ ಎಷ್ಟು ಮಾಡಿದರೂ ಸಾಲಲಿಲ್ಲ ಎಂದು ನಿನಗೆ ಹೇಗೆ ಹೇಳಲಿ? ಗುಡ್ಡದ ಜನ ಬ್ರೆಡ್ಡನ್ನು ಬಿಟ್ಟಿಲ್ಲ ಅಣ್ಣ, ನೀನು ಬಿಟ್ಟೆ.

ಜೂನ್ ಹದಿನಾಲ್ಕಕ್ಕೆ ಮಂಡಳಿಯ ಸಭೆ. ಯಾರು ಬೇಕಾದರೂ ಬಂದು ಮಾತಾಡಬಹುದಂತೆ. ಬಟ್ಟೆ ಗಿರಣಿಯ ಮುಷ್ಕರದಲ್ಲಿ ನೀನು ಪೀಪಾಯಿ ಮೇಲೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ನನ್ನ ಇಂಗ್ಲಿಷು "ಎಷ್ಟು ಬೇಕು, ನಾಳೆ ಬೇಕಾ" ಎನ್ನುವಷ್ಟಕ್ಕೇ ಮುಗಿಯುತ್ತದೆ. ನೀನು ಬಾ. ಒಂದೇ ದಿನದ ಮಟ್ಟಿಗಾದರೂ ಬಾ.

ಜುಲ್ಮೀರಾ


ಟುಲೇರಿ
8 ಮೇ 1961

ಜುಲ್ಮೀರಾ,

ಬರಲು ಆಗುವುದಿಲ್ಲ. ಕಾರಣ ಕೇಳಬೇಡ.

ನಾನು ಕೇಳುವುದು ಬೇರೆ ಇದೆ. ನಿನ್ನ ಮಾರ್ಚ್ ತಿಂಗಳ ಪತ್ರವನ್ನು ಈಗ ಮತ್ತೆ ಓದಿದೆ. ಬಿದ್ದುಕೊಂಡು ಓದುವುದಕ್ಕೆ ಇತ್ತೀಚೆಗೆ ಸಮಯ ಸಿಕ್ಕಿದೆ. ಎರ್ಮೀನಿಯಾ ಅಜ್ಜಿ ಕೆಳಗಿಳಿಯುವುದಿಲ್ಲ ಎನ್ನುತ್ತೀಯೆ. ಅದರ ಕೆಳಗೇ, ಮೊನ್ನೆ ನಿನ್ನನ್ನು ಕಂಡಳು ಎನ್ನುತ್ತೀಯೆ. ಹಾಗಾದರೆ ಮೂರನೇ ಮಹಡಿಯ ಬಾಗಿಲಿಗೆ ಹೋದವಳು ನೀನು. ಯಾರ ಬಾಗಿಲಿಗೆ ಎಷ್ಟು ಚೀಲ ಎಂದು ಬೇಕರಿಯೊಳಗೆ ಕೂತವಳಿಗೆ ಹೇಗೆ ಗೊತ್ತು?

ವ್ಯಾನು ಓಡಿಸುತ್ತಿರುವುದು ಯಾರು? ನಿನ್ನ ಗಂಡ ಎಲ್ಲಿದ್ದಾನೆ? ಕುಡಿಯಲು ಶುರುಮಾಡಿದನೇ, ಅಥವಾ ಮನೆ ಬಿಟ್ಟು ಹೋದನೇ? ಹೆಂಡತಿಯನ್ನು ಆ ಮೆಟ್ಟಿಲು ಹತ್ತಿಸಿ ತಾನು ಕೂತು ತಿನ್ನುವ ಗಂಡಸು ನಮ್ಮ ಮನೆತನದಲ್ಲಿ ಇರಲಿಲ್ಲ. ಮುಚ್ಚಿಡಬೇಡ. ನಾನು ಅವನಿಗೇ ಒಂದು ಪತ್ರ ಬರೆಯುತ್ತೇನೆ.

ಬೆಲಾರ್ಮಿನೊ


ಆಲ್ಡನ್‌ಪೋರ್ಟ್
15 ಮೇ 1961

ಅಣ್ಣ,

ನೊರ್ಬೆರ್ಟೊಗೆ ಪತ್ರ ಬರೆಯಬೇಡ. ಬರೆದರೆ ನಿನಗೂ ನನಗೂ ಮಾತು ಮುಗಿಯಿತು.

ಅವನು ಕುಡಿಯುತ್ತಿಲ್ಲ, ಎಲ್ಲಿಗೂ ಹೋಗಿಲ್ಲ. ಅಡುಗೆಮನೆಯ ಕಿಟಕಿ ಪಕ್ಕ ಕೂತು ಉಸಿರಾಡುತ್ತಿದ್ದಾನೆ. ಉಸಿರಾಡುವುದೇ ಅವನ ಕೆಲಸವಾಗಿದೆ. ಅಷ್ಟು ವರ್ಷ ಹಿಟ್ಟು ಜರಡಿ ಹಿಡಿದನಲ್ಲ, ಆ ಧೂಳು ಎದೆಯೊಳಗೆ ಕೂತುಬಿಟ್ಟಿದೆ. ನವೆಂಬರಿನಲ್ಲಿ ಒಂದು ಬೆಳಗ್ಗೆ ಬ್ರೆಡ್ಡಿನ ಬುಟ್ಟಿ ಹೊತ್ತು ಎರಡನೇ ಮಹಡಿಗೆ ಹತ್ತಿದವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ತುಟಿ ನೀಲಿಯಾಗಿತ್ತಂತೆ. ಫುರ್ಟಾಡೊ ಮನೆಯ ಗಂಡಸರು ಎತ್ತಿಕೊಂಡು ಬಂದರು. ಇನ್ನು ಬೇಕರಿಯೊಳಗೆ ಕಾಲಿಡಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಿನಗೆ ಬರೆಯಬೇಡ ಎಂದು ಅವನೇ ಕೇಳಿಕೊಂಡ. "ಭಾವ ಇದ್ದಾಗ ಎಲ್ಲ ಸರಿ ಇತ್ತು, ನನ್ನ ಕೈಗೆ ಬಂದ್ಮೇಲೆ ಹಾಳಾಯ್ತು ಅನ್ಕೋತಾನೆ," ಎಂದ.

ಮಾರನೇ ದಿನದಿಂದ ಬುಟ್ಟಿ ನಾನು ಹೊತ್ತೆ. ವ್ಯಾನು ಕಲಿಸಿದವನು ಲಿಬೊರಿಯೊ. ಅವನಿಗೆ ಸ್ವತಃ ಓಡಿಸಲು ಬರುವುದಿಲ್ಲ, ಪಕ್ಕದಲ್ಲಿ ಕೂತು ಮೇರಿ ಮಾತೆಯ ಹೆಸರು ಹೇಳುತ್ತಿದ್ದ, ಅಷ್ಟೆ. ಪರೀಕ್ಷೆಗೆ ಬಂದ ಅಧಿಕಾರಿ, "ಇಷ್ಟು ದೊಡ್ಡ ಗಾಡಿ ಯಾಕಮ್ಮ ನಿಮಗೆ?" ಎಂದ. "ಮನೆಮಂದಿ ಜಾಸ್ತಿ ಸರ್," ಎಂದೆ. ಲೈಸೆನ್ಸು ಕೊಟ್ಟ.

ಮೊದಮೊದಲು ಜನ ಮಾತಾಡಿದರು. ಕತ್ತಲು ಹರಿಯುವ ಮುಂಚೆ ಒಂಟಿ ಹೆಂಗಸು ಮೆಟ್ಟಿಲು ಹತ್ತಿ ಇಳಿದರೆ ಮಾತಾಡದೆ ಇರುತ್ತಾರೆಯೇ? ಒಬ್ಬಳು ಅಜ್ಜಿಯ ಬಾಗಿಲ ಮುಂದೆಯೇ ಶುರುಮಾಡಿದಳು. ಅಜ್ಜಿ ಸಂದಿಯಿಂದ ಮುಖ ಹಾಕಿ, "ಲೇ, ಗಂಡಸು ಹೊತ್ತು ತಂದ್ರೆ ಬ್ರೆಡ್ಡು, ಹೆಂಗಸು ಹೊತ್ತು ತಂದ್ರೆ ಪಾಪಾನಾ? ತಿನ್ನಬೇಡ ಬಿಡು. ನಿನ್ನ ಚೀಲ ನನ್ನ ಬಾಗ್ಲಿಗೆ ಕಟ್ಟು, ನಾನು ತಿಂತೀನಿ," ಎಂದಳು. ಆಮೇಲೆ ಮಾತು ನಿಂತಿತು.

ನಿನ್ನನ್ನು ಬಾ ಎಂದು ಕರೆದದ್ದು ಬುಟ್ಟಿ ಹೊರುವುದಕ್ಕಲ್ಲ. ಮಾತಾಡುವುದಕ್ಕೆ. ಈಗ ಎಲ್ಲ ತಿಳಿಯಿತಲ್ಲ, ಈಗಲಾದರೂ ಬರುತ್ತೀಯಾ?

ಜುಲ್ಮೀರಾ


ಆಲ್ಡನ್‌ಪೋರ್ಟ್
4 ಜೂನ್ 1961

ಅಣ್ಣ,

ಟಪಾಲಿನವನು ಬಂದಾಗಲೆಲ್ಲ ಕೈ ಒರೆಸಿಕೊಂಡು ಹೊರಗೆ ಹೋಗುತ್ತೇನೆ. ನಿನ್ನಿಂದ ಒಂದು ಸಾಲೂ ಇಲ್ಲ. "ಅವನ ಬಾಯಿಗೇನು ಬೀಗ ಬಿದ್ದಿದೆಯಾ?" ಎಂದು ಲಿಬೊರಿಯೊ ಕೇಳಿದ. ಹಾಗೆಯೇ ಅನ್ನಿಸುತ್ತದೆ ಎಂದೆ.

ನಿನಗೆ ಅಲ್ಲಿ ಮೇಲ್ವಿಚಾರಣೆ, ಬಿಸಿಲು, ನೆಮ್ಮದಿ. ಸಂತೋಷ. ಇನ್ನು ಕರೆಯುವುದಿಲ್ಲ. ಸಭೆಯಲ್ಲಿ ನಾನೇ ಮಾತಾಡುತ್ತೇನೆ. ಬಂದಷ್ಟು ಬರಲಿ.

ಜುಲ್ಮೀರಾ


ಟುಲೇರಿ
9 ಜೂನ್ 1961

ನನ್ನ ಜುಲ್ಮೀರಾ,

ಇದನ್ನು ವಿಮಾನದ ಟಪಾಲಿಗೆ ಹಾಕಿಸುತ್ತಿದ್ದೇನೆ, ಸಭೆಗೆ ಮುಂಚೆ ನಿನಗೆ ಸಿಗಬೇಕು. ಇದಕ್ಕೂ ಮೊದಲು ಬರೆದವುಗಳನ್ನು ಒಂದೊಂದಾಗಿ ಹರಿದುಹಾಕಿದೆ.

ಲಿಬೊರಿಯೊ ಹೇಳಿದ್ದು ಸರಿ. ನನ್ನ ಬಾಯಿಗೆ ಬೀಗವೇ ಬಿದ್ದಿದೆ. ಏಪ್ರಿಲ್ ಕೊನೆಯಲ್ಲಿ ಒಂದು ಹೊಸ ಹಸು ಹಾಲು ಕರೆಯುವಾಗ ಒದ್ದಿತು. ದವಡೆ ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದಿದ್ದಾರೆ. ಮೊದಲು ಕಟ್ಟಿದ್ದು ಸರಿಯಾಗಲಿಲ್ಲವೆಂದು ಮೇ ತಿಂಗಳಲ್ಲಿ ಮತ್ತೆ ಕರೆದುಕೊಂಡು ಹೋದರು. ಒಂದು ಹಲ್ಲು ಇಲ್ಲದ ಸಂದಿಯಿಂದ ಸೂಪು ಹೀರಿಕೊಂಡು ಬದುಕಿದ್ದೇನೆ. ಮೇಲ್ವಿಚಾರಣೆಯ ಮಾತು ಬರೀ ನನ್ನ ಆಸೆ. ನಾನು ಇಲ್ಲಿ ಎಲ್ಲರಂತೆ ಹಾಲು ಕರೆಯುವವನು.

ತಂಗಿ ನನ್ನ ಬಾಯಿಯನ್ನು ನಂಬಿಕೊಂಡು ಕೂತಿದ್ದಾಳೆ, ಆ ಬಾಯೇ ಇಲ್ಲ ಎಂದು ಹೇಗೆ ಬರೆಯಲಿ? ತಿಳಿದರೆ ನೀನು ಹೆದರಿ ಸುಮ್ಮನಾಗುತ್ತೀಯೆಂದುಕೊಂಡೆ. ನೊರ್ಬೆರ್ಟೊ ಬಗ್ಗೆ ಬರೆದದ್ದಕ್ಕೆ ಅವನ ಕೈಹಿಡಿದು ಕ್ಷಮೆ ಕೇಳಿದೆನೆಂದು ಹೇಳು.

ನೀನೇ ಮಾತಾಡು. ಕಾಗದ ನೋಡಿ ಓದಬೇಡ. ಬೇಡಿಕೊಳ್ಳಬೇಡ. ಇಂಗ್ಲಿಷ್ ತಪ್ಪಾದರೆ ನಿಂತು ಸರಿಮಾಡಲು ಹೋಗಬೇಡ, ಮುಂದೆ ಹೋಗು. ಪೀಪಾಯಿ ಮೇಲೆ ನಾನು ಮಾಡಿದ್ದೂ ಅಷ್ಟೇ. ಅರ್ಧ ತಪ್ಪೇ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ನಿನ್ನ ಅಣ್ಣ


ಆಲ್ಡನ್‌ಪೋರ್ಟ್
15 ಜೂನ್ 1961

ನನ್ನ ಅಣ್ಣನಿಗೆ,

ಮೊದಲು ಹೇಳುತ್ತೇನೆ, ನಾವು ಗೆದ್ದೆವು. ಈಗ ನಿಧಾನವಾಗಿ ಓದು.

ನಿನ್ನ ಪತ್ರ ಸಭೆಯ ಹಿಂದಿನ ದಿನ ಸಿಕ್ಕಿತು. ಓದಿ ಅತ್ತೆ. ಆಮೇಲೆ ನೀನು ಸೂಪು ಹೀರುವುದನ್ನು ನೆನೆದು ನಗು ಬಂತು. ಎರಡೂ ಮುಗಿದ ಮೇಲೆ ಎದೆ ಹಗುರಾಯಿತು. ಬರದೆ ಇದ್ದದ್ದು ನಿನ್ನ ಮನಸ್ಸಲ್ಲ, ದವಡೆ ಎಂದು ತಿಳಿಯಿತಲ್ಲ, ಅಷ್ಟು ಸಾಕಾಯಿತು.

ಸಭೆ ನಗರಸಭೆಯ ಚಿಕ್ಕ ಕೋಣೆಯಲ್ಲಿ ನಡೆಯಬೇಕಿತ್ತು. ಬೆಳಗಿನ ಪಾಳಿ ಮುಗಿಸಿದ ಗಿರಣಿಯ ಹೆಂಗಸರು ತಲೆಗೆ ಅಂಟಿದ ಹತ್ತಿಯ ಜೊತೆಗೇ ಬಂದುಬಿಟ್ಟರು. ಮೆಟ್ಟಿಲು, ಹಜಾರ, ಬೀದಿ ಎಲ್ಲ ತುಂಬಿತು. ಕೊನೆಗೆ ಅಧ್ಯಕ್ಷ ಪ್ರೆಂಟಿಸ್ ಸಾಹೇಬರು ಸಭೆಯನ್ನು ಎದುರಿನ ಶಾಲೆಗೆ ಸಾಗಿಸಿದರು. ಮಂಡಳಿಯ ಐದೂ ಜನ ಕರಿಹಲಗೆಯ ಮುಂದೆ ಮೇಷ್ಟರ ಮೇಜಿಗೆ ಒತ್ತಿಕೊಂಡು ಕೂತರು. ನಾವು ಮಕ್ಕಳ ಬೆಂಚುಗಳಲ್ಲಿ.

ಕಾರ್ಖಾನೆಯ ವಕೀಲ ಮೊದಲು ಎದ್ದ. ದೊಡ್ಡದೊಂದು ಫೋಟೋ ತೋರಿಸಿದ. ನಮ್ಮ ಬೀದಿಯ ನಾಯಿಯೊಂದು ಕೆಳಮನೆಯ ಚೀಲ ಎಳೆದು ಬನ್ನು ತಿನ್ನುತ್ತಿದೆ. "ಮಹನೀಯರೇ, ಇದು ಆಹಾರವೇ ಅಥವಾ ರೋಗವೇ?" ಎಂದ. ಮಂಡಳಿಯವರು ಫೋಟೋವನ್ನು ಕೈಯಿಂದ ಕೈಗೆ ದಾಟಿಸಿದರು.

ಆಗ ಹಿಂದಿನ ಬಾಗಿಲಲ್ಲಿ ಗದ್ದಲವಾಯಿತು. ತಿರುಗಿ ನೋಡಿದರೆ ಎರ್ಮೀನಿಯಾ ಅಜ್ಜಿ. ಫುರ್ಟಾಡೊ ಮನೆಯ ಗಂಡಸರು ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಮೂರು ಮಹಡಿ ಇಳಿಸಿ, ಹೆಗಲ ಮೇಲೆ ಹೊತ್ತು ತಂದಿದ್ದರು. ಒಂಬತ್ತು ವರ್ಷದ ಮೇಲೆ ಅವಳು ನೆಲ ನೋಡಿದ್ದು. ಹಬ್ಬದ ಕರಿ ಶಾಲು ಹೊದ್ದಿದ್ದಳು. ಮಂಡಳಿಯ ಎದುರೇ ಕುರ್ಚಿ ಇಳಿಸಲು ಹೇಳಿ, ಫೋಟೋ ಕೇಳಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ನಮ್ಮ ಭಾಷೆಯಲ್ಲಿ ನನಗೆ ಹೇಳಿದಳು:

"ಆ ಉದ್ದ ಮೂಗಿನವನ್ನ ಕೇಳು. ನಾಯಿ ನಮ್ಮ ಬ್ರೆಡ್ಡು ತಿಂತಲ್ಲ, ಅವನ ಬ್ರೆಡ್ಡು ಯಾಕೆ ತಿನ್ನಲಿಲ್ಲ ಅಂತ. ನಾಯಿಗಿರೋ ಬುದ್ಧಿ ಇವರಿಗೆ ಬೇಡ್ವಾ?"

ನಮ್ಮವರೆಲ್ಲ ಬೆಂಚು ಬಡಿದು ನಕ್ಕರು. ಪ್ರೆಂಟಿಸ್ ಸಾಹೇಬರು ನನ್ನ ಕಡೆ ನೋಡಿದರು. "ಈ ತಾಯಿ ಏನಂದರು?"

"ನಮಸ್ಕಾರ ಅಂದ್ರು ಸರ್."

"ನಿಮ್ಮ ಭಾಷೆಯಲ್ಲಿ ನಮಸ್ಕಾರ ಇಷ್ಟು ಉದ್ದ ಇರುತ್ತದೆಯೇ?"

"ದೊಡ್ಡೋರಿಗೆ ಉದ್ದಾನೇ ಮಾಡೋದು ಸರ್."

ಸಾಹೇಬರ ತುಟಿ ಸ್ವಲ್ಪ ಅಲುಗಿತು. ಅಜ್ಜಿ ನಗಲಿಲ್ಲ. "ಈಗ ಹೇಳೋದನ್ನ ಸರಿಯಾಗಿ ಹೇಳು, ಒಂದಕ್ಷರ ನುಂಗಬೇಡ," ಎಂದಳು. ಹೇಳತೊಡಗಿದಳು. ಅವಳು ಒಂದು ಮಾತು, ನಾನು ಒಂದು ಮಾತು.

"ನಂಗೆ ಯಾರೂ ಇಲ್ಲ. ದಿನಾ ಬೆಳಗ್ಗೆ ನನ್ನ ಬಾಗಿಲ ಹಿಡಿ ಅಲುಗುತ್ತೆ, ಆಗ ದಿನ ಶುರುವಾಯ್ತು ಅಂತ ಏಳ್ತೀನಿ. ಫೆಬ್ರವರೀಲಿ ಒಂದಿನ ಎದ್ದೇಳೋಕಾಗ್ಲಿಲ್ಲ. ಒಲೆ ಹತ್ರ ಜಾರಿ ಬಿದ್ದಿದ್ದೆ. ಇವಳು ಬಂದು ನೋಡ್ತಾಳೆ, ನಿನ್ನೆ ಹಾಕಿದ ಬ್ರೆಡ್ಡು ಚೀಲದಲ್ಲಿ ಹಾಗೇ ಇದೆ. ಭುಜ ಕೊಟ್ಟು ಬಾಗ್ಲು ಮುರಿದ್ಲು. ಇವತ್ತು ನಾನಿಲ್ಲಿ ಕೂತಿರೋದು ಅದಕ್ಕೆ. ನಿಮ್ಮ ಅಂಗಡಿ ಬ್ರೆಡ್ಡು ನನ್ನ ಬಾಗ್ಲು ಮುರಿಯುತ್ತಾ?"

ಕೊನೆಯ ಮಾತನ್ನು ಇಂಗ್ಲಿಷಿಗೆ ತರುವಾಗ ಎರಡು ಪದ ತಪ್ಪಿದವು. ನೀನು ಹೇಳಿದ ಹಾಗೆ ನಿಲ್ಲದೆ ಮುಂದೆ ಹೋದೆ.

ವಕೀಲ ಎದ್ದ. "ಇದು ಭಾವನೆಯ ಮಾತು. ನಾವು ಮಾತಾಡುತ್ತಿರುವುದು ಶುಚಿತ್ವದ ಬಗ್ಗೆ. ಬಟ್ಟೆಚೀಲದೊಳಗೆ ಧೂಳು ಹೋಗುತ್ತದೋ ಇಲ್ಲವೋ?"

ಅವನ ಪ್ರಶ್ನೆಗೆ ಉತ್ತರ ನಮ್ಮ ಹತ್ತಿರವಿತ್ತು. ನೋಟಿಸು ಬಂದ ದಿನದಿಂದ ನೊರ್ಬೆರ್ಟೊ ಕಿಟಕಿ ಪಕ್ಕ ಸುಮ್ಮನೆ ಕೂತಿರಲಿಲ್ಲ. ಅಮ್ಮನ ಹೊಲಿಗೆ ಯಂತ್ರ ತರಿಸಿಕೊಂಡ. ಗಿರಣಿಯ ಹೆಂಗಸರು ಒತ್ತಾಗಿ ನೇಯ್ದ ದಪ್ಪ ಬಟ್ಟೆಯ ತುಂಡುಗಳನ್ನು ತಂದುಕೊಟ್ಟರು. ಎಷ್ಟೋ ಮಾದರಿ ಹೊಲಿದ, ಬಿಚ್ಚಿದ, ಮತ್ತೆ ಹೊಲಿದ. ಕೊನೆಗೆ ಎರಡು ಪದರದ ಚೀಲ, ಮೇಲೊಂದು ಮುಚ್ಚಳ, ಸುತ್ತಿ ಹಾಕುವ ಗುಂಡಿ. ನಾಯಿಗೆ ಎಟುಕದಷ್ಟು ಮೇಲೆ ಕಟ್ಟುವ ಕುಣಿಕೆ. ಮನೆಗೆ ಎರಡೆರಡು ಚೀಲ. ಒಂದು ಬಾಗಿಲಲ್ಲಿ, ಇನ್ನೊಂದು ಬೇಕರಿಯ ಹಂಡೆಯಲ್ಲಿ ಕುದಿಯುತ್ತಿರುತ್ತದೆ. ನಾನು ಅದನ್ನೆಲ್ಲ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿ, ಒಂದು ಚೀಲವನ್ನು ಬ್ರೆಡ್ಡಿನ ಸಮೇತ ಮೇಜಿನ ಮೇಲಿಟ್ಟೆ.

ಮಂಡಳಿಯಲ್ಲಿ ಲಾಟನ್ ಎಂಬ ಒಬ್ಬ ಮುದಿ ಡಾಕ್ಟರು ಇದ್ದಾರೆ. ಅವರು ಎದ್ದರು. ಕರಿಹಲಗೆ ಒರೆಸುವ ಎರಡು ಡಸ್ಟರುಗಳನ್ನು ತೆಗೆದುಕೊಂಡು ಚೀಲದ ಮೇಲೆ ಪಟಪಟನೆ ಬಡಿದರು. ಸೀಮೆಸುಣ್ಣದ ಧೂಳೆದ್ದು ವಕೀಲನ ಕರಿ ಕೋಟು ಕೂಡ ಬೆಳ್ಳಗಾಯಿತು. ಚೀಲ ಹಿಮದಲ್ಲಿ ಬಿದ್ದ ಹಾಗಿತ್ತು. ಡಾಕ್ಟರು ಗುಂಡಿ ಬಿಚ್ಚಿ ಬ್ರೆಡ್ಡನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಲೆಯಿಂದ ಬಂದಾಗ ಹೇಗಿತ್ತೋ ಹಾಗೇ ಕೆಂಪಗಿತ್ತು. ಆಮೇಲೆ ಅದನ್ನು ಮುರಿದರು. ಆ ಸಿಪ್ಪೆ ಮುರಿದ ಸದ್ದು ಹಿಂದಿನ ಬೆಂಚಿಗೂ ಕೇಳಿಸಿತು. ಒಂದು ತುಂಡು ಬಾಯಿಗೆ ಹಾಕಿಕೊಂಡು ಜಗಿದರು, ಜಗಿದರು. ಇಡೀ ಗಿರಣಿ ಗುಡ್ಡ ಒಬ್ಬ ಮುದುಕ ಜಗಿಯುವುದನ್ನು ನೋಡುತ್ತ ಕೂತಿತ್ತು.

ಕೊನೆಗೆ ನುಂಗಿ, ನನ್ನ ಕಡೆ ತಿರುಗಿ, "ಬೆಣ್ಣೆ ತಂದಿದ್ದೀರಾ?" ಎಂದು ಕೇಳಿದರು.

ಗೆದ್ದೆವೆಂದು ಆಗಲೇ ಗೊತ್ತಾಯಿತು. ಮುಚ್ಚಳದ ಚೀಲದಲ್ಲಿ ಬ್ರೆಡ್ಡು ಬಾಗಿಲಿಗೆ ಹಾಕಬಹುದು ಎಂದು ನಿಯಮವನ್ನೇ ತಿದ್ದಿದರು. ಮೂವರು ಪರ, ಇಬ್ಬರು ವಿರುದ್ಧ. ಪ್ರೆಂಟಿಸ್ ಸಾಹೇಬರ ಕೈ ಕೊನೆಯದಾಗಿ ಮೇಲೆದ್ದಿತು. ಎದ್ದಿತಲ್ಲ, ಅಷ್ಟೇ ಬೇಕಾಗಿದ್ದದ್ದು.

ನೊರ್ಬೆರ್ಟೊ ಹೊರಗೆ ಮರದ ಕೆಳಗೆ ವ್ಯಾನಿನಲ್ಲಿ ಕೂತಿದ್ದ. ಜನ ಅವನ ಹತ್ತಿರ ಓಡಿದರು. ಗಿರಣಿಯ ಹೆಂಗಸರು ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. ಅವನ ಮುಖ ಒಲೆಯ ಬಾಯಿಯ ಹಾಗೆ ಕೆಂಪಾಯಿತು. "ಸಾಕು ಸಾಕು, ನಂಗೆ ಉಸಿರಾಡೋಕಾಗಲ್ಲ," ಎಂದ. ಎಷ್ಟೋ ತಿಂಗಳ ಮೇಲೆ ಆ ಮಾತನ್ನು ನಗುತ್ತ ಹೇಳಿದ. ಅಜ್ಜಿ ಮನೆಗೆ ಹೋಗಲು ಒಪ್ಪಲಿಲ್ಲ. ಇಳಿದದ್ದು ಇಳಿದಾಯಿತು, ಊರು ತೋರಿಸಿ ಎಂದಳು. ಬಂದರಿನವರೆಗೆ ಮೆರವಣಿಗೆ ಹೋಯಿತು.

ಇವತ್ತು ಬೆಳಗ್ಗೆ ಮೆಟ್ಟಿಲು ಹತ್ತುವಾಗ ನನ್ನ ಕಾಲಿಗೆ ಭಾರವೇ ಇರಲಿಲ್ಲ.

ನಿನ್ನ ಜುಲ್ಮೀರಾ


ಟುಲೇರಿ
28 ಜೂನ್ 1961

ನನ್ನ ತಂಗಿಗೆ,

ತಂತಿ ಬಿಚ್ಚಿದ ದಿನವೇ ನಿನ್ನ ಪತ್ರ ಬಂತು. ದವಡೆ ಇನ್ನೂ ತುಕ್ಕು ಹಿಡಿದ ಬಾಗಿಲಿನಂತಿದೆ. ಆದರೂ ಊಟದ ಮೇಜಿನಲ್ಲಿ ಹಾಲು ಕರೆಯುವವರಿಗೆಲ್ಲ ಪೂರ್ತಿ ಓದಿ ಹೇಳಿದೆ. ಎರಡು ತಿಂಗಳ ಮೇಲೆ ನಾನಾಡಿದ ಮೊದಲ ಮಾತುಗಳು ನಿನ್ನವು. "ಬೆಣ್ಣೆ ತಂದಿದ್ದೀರಾ" ಎನ್ನುವಲ್ಲಿ ಒಬ್ಬ ತಟ್ಟೆ ಬಡಿದು ಕೂಗಿದ. ಅವಿಲಾ ಒಳಗಿನಿಂದ ಬಂದು ಮತ್ತೊಮ್ಮೆ ಓದಿಸಿದ.

ಆಮೇಲೆ ಡಾಕ್ಟರು ಮೆತ್ತಗಿನದು ತಿನ್ನಬಹುದೆಂದಿದ್ದರಲ್ಲ, ಅಂಗಡಿಯ ಕತ್ತರಿಸಿದ ಬ್ರೆಡ್ಡು ತಂದುಕೊಟ್ಟರು. ಬಾಯಿಗೆ ಹಾಕಿದೆ. ಹತ್ತಿ ತಿಂದಂತಾಯಿತು. ಎರಡು ತಿಂಗಳು ಕಾದದ್ದು ಇದಕ್ಕೇ ಎಂದು ಅಳು ಬಂತು. ಮಾರಿಬಿಡು ಎಂದು ನಿನಗೆ ಬರೆದ ಕೈ ಇದೇ.

ಒಂದು ವಿಷಯ ಕೇಳುತ್ತೇನೆ, ನಗಬೇಡ. ಹತ್ತು ವರ್ಷ ಬ್ರೆಡ್ಡು ಹೊತ್ತೆ, ಒಂದು ದಿನವೂ ನಾದಲಿಲ್ಲ. ಹಿಟ್ಟು ಹೇಗೆ ಕಲಸುತ್ತೀರಿ? ಕೊಟ್ಟಿಗೆಯ ಹಿಂದೆ ಹಳೆಯ ಇಟ್ಟಿಗೆ ರಾಶಿ ಇದೆ. ಒಲೆ ಕಟ್ಟೋದಾದರೆ ತಗೋ ಎಂದ ಅವಿಲಾ.

ಬೆಲಾರ್ಮಿನೊ


ಆಲ್ಡನ್‌ಪೋರ್ಟ್
19 ಜುಲೈ 1961

ಅಣ್ಣ,

ನಕ್ಕೆ. ನಾನು, ನೊರ್ಬೆರ್ಟೊ, ಲಿಬೊರಿಯೊ ಮೂವರೂ ನಕ್ಕೆವು. ಆಮೇಲೆ ಲಿಬೊರಿಯೊ ಕಣ್ಣೊರೆಸಿಕೊಂಡು, "ಅವನಿಗೆ ಬರೆ, ಒಲೆ ಬಾಯಿ ಅಗಲ ಮಾಡಬೇಡ ಅನ್ನು. ಬಾಯಿ ಅಗಲ ಇದ್ರೆ ಬಿಸಿ ನಿಲ್ಲಲ್ಲ, ಅವನ ಥರಾನೇ," ಎಂದ.

ಬ್ರೆಡ್ಡು ಉಬ್ಬಿಸುವ ನಮ್ಮ ಹುಳಿಹಿಟ್ಟನ್ನು ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದೇನೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ದಿನಾ ಒಂದು ಹಿಡಿ ಹಿಟ್ಟು ಹಾಕುತ್ತಾ ಬಾ. ಅದು ಉಬ್ಬಿ ಮೇಲೆ ಬರುವವರೆಗೆ ಬೇರೆ ಏನೂ ಮಾಡಬೇಡ. ನಿನಗೆ ಕಷ್ಟವಾಗುವುದು ಅದೇ, ಸುಮ್ಮನೆ ಕಾಯುವುದು. ಹಿಟ್ಟನ್ನು ಅಳತೆಯಿಂದ ನೋಡಬೇಡ. ಬೆರಳು ಒತ್ತಿ ತೆಗೆ, ಗುಳಿ ನಿಧಾನವಾಗಿ ಮೇಲೆದ್ದರೆ ಸರಿ.

ಅಂದಹಾಗೆ ನದಿಯಾಚೆಯ ಇಂಗ್ಲಿಷರ ಬೀದಿಯವರೂ ಚೀಲ ಕೇಳಿದ್ದಾರೆ. ಎರಡನೇ ವ್ಯಾನು ಬಂದಿದೆ, ಅದನ್ನು ಓಡಿಸುವವಳು ಫುರ್ಟಾಡೊ ಮನೆಯ ಸೊಸೆ. ಅವಳಿ ಮಕ್ಕಳು ನೊರ್ಬೆರ್ಟೊನ ಹೊಲಿಗೆ ಯಂತ್ರದ ಪಕ್ಕ ತೊಟ್ಟಿಲಲ್ಲಿ ಮಲಗುತ್ತವೆ.

ಮೊದಲ ಬ್ರೆಡ್ಡು ಸುಟ್ಟರೆ ಬರೆ. ಸುಡುತ್ತದೆ.

ಜುಲ್ಮೀರಾ


ಟುಲೇರಿ
8 ಅಕ್ಟೋಬರ್ 1961

ನನ್ನ ಜುಲ್ಮೀರಾಳಿಗೆ,

ಮೊದಲನೆಯದು ಸುಟ್ಟಿತು. ಎರಡನೆಯದನ್ನು ನಾಯಿಗೆ ಹಾಕಿದೆವು, ಅದೂ ಮೂಸಿ ಬಿಟ್ಟಿತು. ಎಷ್ಟು ಸಲ ಸೋತೆನೆಂದು ಲೆಕ್ಕವಿಟ್ಟಿಲ್ಲ. ಒಲೆಯನ್ನೂ ಒಮ್ಮೆ ಕೆಡವಿ ಕಟ್ಟಿದೆ. ಕಳೆದ ವಾರ ಒಂದು ಬೆಳಗ್ಗೆ ಬ್ರೆಡ್ಡು ಹೊರತೆಗೆದಾಗ ಸಿಪ್ಪೆ ತಣ್ಣಗಾಗುತ್ತ ಚಿಟಿಚಿಟಿ ಎನ್ನತೊಡಗಿತು. ಬಗ್ಗಿ ಕಿವಿಯಿಟ್ಟು ಕೇಳಿದೆ. ಅವಿಲಾನ ಹೆಂಡತಿ ಒಂದು ತುಂಡು ತಿಂದು ಸೀದಾ ಒಳಗೆ ಹೋದಳು. ಚೆನ್ನಾಗಿಲ್ಲವೇನೋ ಎಂದುಕೊಂಡೆ. ಅವಳು ಹೋಗಿ ತನ್ನ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಬಂದಳು.

ನಿನ್ನೆ ಅವಿಲಾನ ಹಳೇ ಟ್ರಕ್ಕು ಕೇಳಿ ತೆಗೆದುಕೊಂಡು ಹೊರಟೆ. ಇಲ್ಲಿ ಮನೆಗಳು ದೂರ ದೂರ. ಮೆಟ್ಟಿಲುಗಳಿಲ್ಲ, ಬರೀ ಹೊಲ, ಬೇಲಿ, ಹಸುಗಳು. ಮೊದಲ ಮನೆ ನಮ್ಮ ದ್ವೀಪದಿಂದ ಬಂದ ಒಬ್ಬ ವಯಸ್ಸಾದ ಹೆಂಗಸಿನದು. ನನ್ನನ್ನು ಕಂಡವಳಲ್ಲ. ಯಾರು, ಏನು ಎಂದು ಹೇಳಲು ಮಾತು ಜೋಡಿಸಿಕೊಳ್ಳುತ್ತ ಅಂಗಳ ದಾಟಿದೆ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ನಾನು ಹೊತ್ತ ಬುಟ್ಟಿಯ ವಾಸನೆ ನನಗಿಂತ ಮುಂಚೆ ಒಳಗೆ ಹೋಗಿತ್ತು. ಆಕೆ ಕೈಯಲ್ಲಿ ಪೊರಕೆ ಹಿಡಿದೇ ಹೊರಗೆ ಬಂದಳು. ಬುಟ್ಟಿ ನೋಡಿದಳು, ನನ್ನ ಮುಖ ನೋಡಲೇ ಇಲ್ಲ. ತಿರುಗಿ ಒಳಗಿದ್ದ ಗಂಡನಿಗೆ, ಮಕ್ಕಳಿಗೆ, ಇಡೀ ಮನೆಗೆ ಕೇಳಿಸುವ ಹಾಗೆ ಕೂಗಿದಳು:

"ಏಳ್ರೋ, ಬ್ರೆಡ್ಡಿನವನು ಬಂದ."

ನಿನ್ನ ಅಣ್ಣ
ಬೆಲಾರ್ಮಿನೊ